ಅಕ್ಕನ ಮನೆಗೆ ಹೋದ ಫ್ರಿಜ್ಜು

ಬುಸೈನಾಳಿಗೆ ಕೊಟ್ಟ ಕೆಲಸವನ್ನು ಬ್ಯಾಂಕು ಹಿಂದಕ್ಕೆ ತೆಗೆದುಕೊಂಡಿತು. ಪರೀಕ್ಷೆ ಪಾಸಾಗಿತ್ತು, ಸಂದರ್ಶನ ಮುಗಿದಿತ್ತು, ರಕ್ತ ಪರೀಕ್ಷೆಯೂ ಆಗಿತ್ತು. ಸೇರಿಸಿಕೊಳ್ಳುವ ಮೊದಲು ಅವಳ ಸಾಲದ ಇತಿಹಾಸವನ್ನು ಕೈರೋದಿಂದ ತರಿಸಿ ನೋಡಿದರು. ಅದು ಕೆಟ್ಟದಾಗಿತ್ತು.

"ಕಂತು ತಪ್ಪಿಸಿದೀರಲ್ಲ," ಎಂದ ವಗೀಹ್. ಬ್ಯಾಂಕಿನಲ್ಲಿ ನೇಮಕಾತಿ ನೋಡಿಕೊಳ್ಳುವವನು ಅವನೇ. ಒರಟನಲ್ಲ. ಅವಳಿಗೆ ಕುರ್ಚಿ ಕೊಟ್ಟ, ಚಹಾ ಹೇಳಿದ.

"ಎಲ್ಲಾ ಕಟ್ಟಿ ಮುಗಿಸಿದೀವಿ ಸಾರ್. ದಂಡ ಸಮೇತ."

"ಮುಗಿಸಿದೀರಿ, ತಡವಾಗಿ. ಆ ಗುರುತು ಇನ್ನೂ ವರ್ಷಗಟ್ಟಲೆ ಹಂಗೇ ಇರುತ್ತೆ. ಸಾಲದಲ್ಲಿರೋರ ಕೈಗೆ ಕ್ಯಾಶ್ ಕೌಂಟರ್ ಕೊಡೋ ಹಾಗಿಲ್ಲ."

"ನಾನೀಗ ಸಾಲದಲ್ಲಿಲ್ಲ."

"ಇದ್ರಲ್ಲ."

"ಅದು ನನ್ನ ಫ್ರಿಜ್ಜಲ್ಲ. ಅಕ್ಕನ ಮದುವೇದು."

"ಸಹಿ ಯಾರದು?"

ಬುಸೈನಾ ಚಹಾದ ಲೋಟವನ್ನು ಮೇಜಿನ ಮೇಲೆ ಇಟ್ಟಳು. "ಆ ಸಾಲ ಕೊಟ್ಟಿದ್ದು ಯಾರು ಸಾರ್?"

ವಗೀಹ್ ನಕ್ಕ. "ನಾವೇ. ಅದು ಬೇರೆ ವಿಭಾಗ."

ಆ ಬೇರೆ ವಿಭಾಗ ಎಲ್ಲಿ ಕೂರುತ್ತದೆ ಎಂಬುದು ಮಹಲ್ಲಾ ಕುಬ್ರಾ ಊರಿನ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಫ್ರಿಜ್ಜು, ವಾಷಿಂಗ್ ಮಷೀನು ಮಾರುವ ದೊಡ್ಡ ಅಂಗಡಿಯೊಳಗೇ ಬ್ಯಾಂಕಿನ ಒಂದು ಮೇಜು. ಮೇಜಿನ ಮೇಲೆ ಬಟ್ಟಲು ತುಂಬ ಮಿಠಾಯಿ. ಮದುವೆಗೆ ಸಾಮಾನು ಕೊಳ್ಳಲು ಬಂದ ತಾಯಂದಿರ ಬಾಯಿಗೆ ಮಿಠಾಯಿ ಹಾಕಿ, ಕೈಗೆ ಪೆನ್ನು ಕೊಡುತ್ತಾರೆ. ಯಾರು ಕಂತು ಕಟ್ಟಬಲ್ಲರು, ಯಾರು ಕಟ್ಟಲಾರರು ಎಂದು ಆಗ ಯಾವ ಇತಿಹಾಸವನ್ನೂ ತರಿಸುವುದಿಲ್ಲ.

ನಮ್ಮಲ್ಲಿ ಹೆಣ್ಣಿನ ಸಾಮಾನು ಮದುವೆಗೆ ಮೊದಲು ತೆರೆದ ವ್ಯಾನುಗಳಲ್ಲಿ ಊರು ಸುತ್ತಿ ಗಂಡಿನ ಮನೆಗೆ ಹೋಗುತ್ತದೆ. ಹಾರ್ನು, ಡೋಲು, ಶಿಳ್ಳೆ. ಬಾಲ್ಕನಿಗಳಲ್ಲಿ ನಿಂತ ಹೆಂಗಸರು ಹಾಸಿಗೆಯಿಂದ ಹಿಡಿದು ಚಮಚದವರೆಗೆ ಕಣ್ಣಿನಲ್ಲೇ ತೂಗುತ್ತಾರೆ. ಬುಸೈನಾಳ ಅಕ್ಕ ಸಫೀನಾಜಳ ಅತ್ತೆಯಾಗಬೇಕಾದವಳು ಮೊದಲೇ ಹೇಳಿಕಳಿಸಿದ್ದಳು: "ನನ್ನ ದೊಡ್ಡ ಸೊಸೆ ಎರಡು ಬಾಗಿಲಿನ ಫ್ರಿಜ್ ತಂದಿದಾಳೆ. ಚಿಕ್ಕವಳದ್ದು ಒಂದೇ ಬಾಗಿಲಾದ್ರೆ ಬೀದಿಯವರು ನನ್ನ ಮಗನ್ನ ಆಡ್ಕೋತಾರೆ."

ತಾಯಿ ಅತಿಯ್ಯಾತ್ ಗಂಡ ಸತ್ತಾಗಿನಿಂದ ಒಂದು ಸಣ್ಣ ಟವೆಲ್ ಕಾರ್ಖಾನೆಯಲ್ಲಿ ಅಂಚು ಹೊಲಿಯುತ್ತಿದ್ದಳು. ಕೂಲಿ ಕೈಗೆ ಬರುತ್ತಿತ್ತು, ಸಂಬಳದ ಚೀಟಿ ಬರುತ್ತಿರಲಿಲ್ಲ. ಮೇಜಿನ ಹಿಂದಿದ್ದವನು ಚೀಟಿ ಕೇಳಿದ. ಮನೆಯಲ್ಲಿ ಅದಿದ್ದದ್ದು ಒಬ್ಬಳ ಹತ್ತಿರ, ಬಿ.ಕಾಂ. ಮುಗಿಸಿ ಶಾಲೆಯೊಂದರ ಕಚೇರಿಯಲ್ಲಿದ್ದ ಕಿರಿ ಮಗಳು ಬುಸೈನಾಳ ಹತ್ತಿರ. ಅವಳು ವಾಷಿಂಗ್ ಮಷೀನಿನ ಮುಚ್ಚಳದ ಮೇಲೆ ಕಾಗದ ಇಟ್ಟುಕೊಂಡು, ಬಾಯಲ್ಲಿ ಮಿಠಾಯಿ ಚೀಪುತ್ತ, ನಗುನಗುತ್ತಲೇ ಸಹಿ ಹಾಕಿದಳು. ಅಕ್ಕನ ಮದುವೆ. ಯಾರಾದರೂ ಯೋಚಿಸುತ್ತಾರೆಯೇ?

ಆ ಚಳಿಗಾಲ ನೂಲಿನ ಬೆಲೆ ಏರಿತೆಂದು ಕಾರ್ಖಾನೆಯ ಮಾಲೀಕ ಹೆಂಗಸರ ಕೂಲಿ ತಡೆಹಿಡಿದ. ತಡೆಹಿಡಿದದ್ದು ಅವನು, ಕಂತು ತಪ್ಪಿದ್ದು ಬುಸೈನಾಳ ಹೆಸರಿನಲ್ಲಿ. ಅವನ ಇತಿಹಾಸ ಈಗಲೂ ಚೆನ್ನಾಗಿಯೇ ಇದೆ, ಅದೇ ಬ್ಯಾಂಕು ಅವನಿಗೆ ಹೊಸ ಮಗ್ಗಗಳಿಗೆ ಸಾಲ ಕೊಟ್ಟಿದೆ.

ಎದ್ದು ಹೊರಟ ಬುಸೈನಾಳನ್ನು ವಗೀಹ್ ಬಾಗಿಲವರೆಗೂ ಬಿಡಲು ಬಂದ. ಕಾರಿಡಾರಿನಲ್ಲಿ ದನಿ ತಗ್ಗಿಸಿ, "ಒಂದು ದಾರಿ ಇದೆ. ನಾನು ಹೇಳಿದೆ ಅನ್ಬೇಡಿ," ಎಂದ. "ಸಹಿ ನಿಮ್ಮದಲ್ಲ, ಯಾರೋ ನಕಲು ಮಾಡಿದಾರೆ ಅಂತ ಪೊಲೀಸರ ಹತ್ರ ದೂರು ಕೊಟ್ಟು, ಅದರ ಪ್ರತಿ ತನ್ನಿ. ಗುರುತು ತೆಗೆದುಹಾಕಿಸಬಹುದು. ಶುಕ್ರವಾರ ಶನಿವಾರ ರಜೆ, ಭಾನುವಾರ ಬ್ಯಾಂಕು ತೆರೆಯೋವರೆಗೂ ನಿಮ್ಮ ಜಾಗ ಖಾಲಿ ಇಟ್ಟಿರ್ತೀನಿ."

"ಯಾರೋ ಅಂದ್ರೆ ಯಾರು ಸಾರ್?"

"ಮನೆಯವರೇ ಯಾರಾದ್ರೂ. ನಿಮ್ಮ ತಾಯಿ ಅನ್ನಿ. ಆಮೇಲೆ ತಾಯಿ ಮಗಳು ರಾಜಿಯಾದ್ರಾಯ್ತು."

ಮನೆಯಲ್ಲಿ ಅತಿಯ್ಯಾತ್ ಮುಲೂಖಿಯ್ಯಾ ಸೊಪ್ಪು ಬಿಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಕೈ ನಿಲ್ಲಲಿಲ್ಲ.

"ಅಷ್ಟೇನಾ? ಹೋಗಿ ಬರೆದುಕೊಡು."

"ನಿನ್ನ ಹೆಸರು ಕೆಡುತ್ತಮ್ಮಾ. ಕೇಸಾಗುತ್ತೆ."

"ನಂಗ್ಯಾವ ಬ್ಯಾಂಕು ಕೆಲಸ ಕೊಡುತ್ತೆ ಅಂತ ಹೆಸರು ಜೋಪಾನ ಮಾಡ್ಲಿ?"

"ನಿನ್ನ ಹೆಸರೇ ನಿಂಗೆ ಬರೆಯೋಕೆ ಬರಲ್ಲ. ಮಗಳ ಸಹಿ ಹೆಂಗೆ ಹಾಕ್ದೆ ಅಂತ ಕೇಳಿದ್ರೆ?"

ಅತಿಯ್ಯಾತ್ ಸೊಪ್ಪಿನ ಮೊರ ಪಕ್ಕಕ್ಕೆ ಸರಿಸಿದಳು. "ಕಲಿಸು," ಎಂದಳು.

"ಹುಚ್ಚಾ ನಿಂಗೆ?"

"ಟವೆಲ್ಲಿನ ಅಂಚಲ್ಲಿ ಹೂವು ಹೊಲೀತೀನಿ, ನಿನ್ನ ಹೆಸರು ಅದಕ್ಕಿಂತ ಕಷ್ಟಾನಾ? ಪೆನ್ನು ತಾ. ನಿಮ್ಮಪ್ಪ ಇಟ್ಟ ಹೆಸರು, ನಂಗೂ ಒಂದ್ಸಲ ಬರೆದು ನೋಡ್ಬೇಕು ಅಂತ ಆಸೆ ಇತ್ತು."

ಬುಸೈನಾ ಕಲಿಸಿದಳು. ಹೌದು, ಕಲಿಸಿದಳು. ಆ ಕೆಲಸ ಅವಳಿಗೆ ಬೇಕಿತ್ತು. ಗಾಜಿನ ಹಿಂದಿನ ಕುರ್ಚಿ, ತಿಂಗಳಿಗೆ ಸರಿಯಾಗಿ ಬರುವ ಸಂಬಳ, ತಾಯಿ ಇನ್ನು ಆ ಕಾರ್ಖಾನೆಯ ಮೆಟ್ಟಿಲು ಹತ್ತದಿರುವ ದಿನ, ಇವಿಷ್ಟನ್ನೂ ಅವಳು ಒಂದು ವರ್ಷ ಓದಿ ಸಂಪಾದಿಸಿದ್ದಳು. ಹಳೇ ಪತ್ರಿಕೆಯ ಅಂಚಿನ ತುಂಬ ಅತಿಯ್ಯಾತ್ ಮಗಳ ಹೆಸರು ಬರೆದಳು. ಮೊದಲು ಅರಬ್ಬಿ ಅಕ್ಷರಗಳ ಚುಕ್ಕಿಗಳು ದಿಕ್ಕಾಪಾಲಾದವು, ಆಮೇಲೆ ಸಾಲಿಗೆ ಬಂದವು.

ಶನಿವಾರ ಬೆಳಿಗ್ಗೆ ಇಬ್ಬರೂ ಠಾಣೆಗೆ ಹೋದರು. ಅತಿಯ್ಯಾತ್ ಹಬ್ಬದ ಕಪ್ಪು ಗೌನು ತೊಟ್ಟಿದ್ದಳು. ಕಾರಿಡಾರಿನ ಬೆಂಚಿನ ಮೇಲೆ ಆಗಲೇ ಇಬ್ಬರು ಹೆಂಗಸರಿದ್ದರು, ಒಂದೇ ಬೇಡಿಯಲ್ಲಿ ಇಬ್ಬರ ಕೈ. ಒಬ್ಬಳ ಮಡಿಲಲ್ಲಿ ಕೂಸು. ಅತಿಯ್ಯಾತ್ ತಂದಿದ್ದ ರೊಟ್ಟಿ ಮುರಿದು ಅವರಿಗೂ ಕೊಟ್ಟಳು.

"ಯಾವ ಅಂಗಡಿಯೋರಕ್ಕಾ ನಿಮ್ಮ ಮೇಲೆ ಕೇಸು ಹಾಕಿದ್ದು?" ಎಂದು ಕೂಸಿನ ತಾಯಿ ಕೇಳಿದಳು. "ನಂದು ಒಲೆಯ ಕಂತು ತಪ್ಪಿದ್ದು, ನಾದಿನಿ ಮದುವೇದು."

"ಅಂಗಡಿಯೋರಲ್ಲ ಕಣೇ. ನನ್ನ ಮಗಳೇ," ಎಂದಳು ಅತಿಯ್ಯಾತ್, ಹೆಮ್ಮೆಯಿಂದ. "ಬ್ಯಾಂಕಿಗೆ ಪಾಸಾಗಿದಾಳೆ."

ಕೂಸು ಬುಸೈನಾಳ ತಲೆವಸ್ತ್ರದ ತುದಿ ಹಿಡಿದು ಎಳೆಯುತ್ತಿತ್ತು. ಆ ಹೆಂಗಸು ಬೇಡಿಯಿಲ್ಲದ ಕೈಯಿಂದ ಕೂಸಿನ ಬೆರಳು ಬಿಡಿಸಿ, ಅದನ್ನು ಆಚೆ ತೊಡೆಗೆ ಸರಿಸಿಕೊಂಡಳು.

ಒಳಗೆ ದೂರು ಬರೆದುಕೊಳ್ಳುವ ಪೊಲೀಸಿನವನು ಅರ್ಧ ತಿಂದ ತಅಮಿಯ್ಯಾ ವಡೆಯನ್ನು ಪಕ್ಕಕ್ಕಿಟ್ಟು ಪೆನ್ನು ತೆಗೆದ. ಎಲ್ಲ ಕೇಳಿ ಅತಿಯ್ಯಾತಳನ್ನು ಮೇಲಿಂದ ಕೆಳಗೆ ನೋಡಿದ.

"ಹಜ್ಜಾ, ದೊಡ್ಡಮ್ಮಾ, ನಿಮಗೆ ಓದು ಬರಹ ಬರುತ್ತಾ?"

"ಮಗಳ ಹೆಸರು ಬರುತ್ತೆ."

"ಬರೀರಿ ನೋಡೋಣ."

ಅವಳು ಬಗ್ಗಿ, ನಾಲಿಗೆಯ ತುದಿ ಹಲ್ಲಲ್ಲಿ ಕಚ್ಚಿಕೊಂಡು ಬರೆದಳು. ನಿಧಾನ, ಒಂದೂ ಚುಕ್ಕಿ ಬಿಡದೆ. ಬರೆದು ಮಗಳ ಕಡೆ ತಿರುಗಿದಳು, ಸರಿಯಾಯಿತೇ ಎಂಬಂತೆ.

"ಬರೀತಾಳೆ," ಎಂದ ಪೊಲೀಸಿನವನು. ತನ್ನ ಕಾಗದದಲ್ಲಿ ಗೀಚಿ, ಗೀಚಿದ್ದನ್ನು ಓದಿದ. "ಆರೋಪಿ ಅತಿಯ್ಯಾತ್, ದೂರುದಾರಳ ತಾಯಿ, ಮಗಳಿಗೆ ತಿಳಿಯದಂತೆ, ಮೋಸದ ಉದ್ದೇಶದಿಂದ..."

"ಆಮೇಲೆ ರಾಜಿ ಆಗ್ಬಹುದಲ್ವಾ ಸಾರ್?" ಎಂದು ಬುಸೈನಾ ಕೇಳಿದಳು.

"ರಾಜಿನಾ? ನಕಲಿ ಸಹಿ ಅಂದ್ರೆ ಸರ್ಕಾರದ ಕೇಸು. ಒಂದ್ಸಲ ಮೇಲಕ್ಕೆ ಹೋದ್ರೆ ನಿಮ್ಮ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ. ಇಲ್ಲಿ ಸಹಿ ಹಾಕಮ್ಮ."

ಪೆನ್ನು ಅವಳ ಮುಂದೆ ಬಂತು.

"ಹಾಕೇ," ಎಂದಳು ಅತಿಯ್ಯಾತ್. "ನಾಳೆ ಭಾನುವಾರ."

ಬುಸೈನಾ ತಾಯಿ ಬರೆದ ಅಕ್ಷರಗಳನ್ನು ನೋಡಿದಳು. ತನ್ನ ಹೆಸರು ಅಷ್ಟು ಜೋಪಾನವಾಗಿ ಯಾರೂ ಬರೆದದ್ದನ್ನು ಅವಳು ಕಂಡಿರಲಿಲ್ಲ.

"ಹಾಕಲ್ಲ," ಎಂದಳು.

"ಏನು?" ಪೊಲೀಸಿನವನು ತಲೆ ಎತ್ತಿದ.

"ಇವಳು ಹಾಕಿದ್ದಲ್ಲ ಸಾರ್. ಫ್ರಿಜ್ಜಿಗೆ ಸಹಿ ಹಾಕಿದ್ದು ನಾನು. ಗೊತ್ತಿದ್ದೇ ಹಾಕ್ದೆ, ಕಟ್ಟಿ ಮುಗಿಸ್ದೆ. ಆ ಮಾತು ಬರ್ಕೊಳ್ಳಿ, ಅದಕ್ಕೆ ಬೇಕಾದ್ರೆ ಸಹಿ ಹಾಕ್ತೀನಿ."

"ಅಂಥ ದೂರು ಇಲ್ಲಿ ತಗೊಳಲ್ಲಮ್ಮ. ಇದಕ್ಕೆ ಹಾಕು, ಇಲ್ಲಾಂದ್ರೆ ಎದ್ದು ನಡಿ."

"ಬುಸೈನಾ, ನನ್ನಾಣೆ, ಹಾಕೇ," ತಾಯಿ ಅವಳ ಮಣಿಕಟ್ಟು ಹಿಡಿದು ಪೆನ್ನಿನ ಕಡೆಗೆ ಎಳೆದಳು.

ಬುಸೈನಾ ಕೈ ಬಿಡಿಸಿಕೊಂಡು ಹಿಂದಕ್ಕೆ ಕಟ್ಟಿಕೊಂಡಳು. "ಹಾಕಲ್ಲಮ್ಮಾ."