ಅಣ್ಣನ ನೀರು, ತಮ್ಮನ ತಿರುಪು

ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ನಿವೃತ್ತನಾದ ಮೈದುನನಿಗೆ ಜಗತ್ತಿನಲ್ಲಿ ತಿಳಿಯದ ವಿಷಯ ಯಾವುದೂ ಇರಲಿಲ್ಲ. ಹಾಗೆಂದು ಅವನೇ ಹೇಳುತ್ತಿದ್ದ; ಬೇರೆ ಯಾರಾದರೂ ಹೇಳಿದ್ದನ್ನು ಅತ್ತಿಗೆ ಕೇಳಿರಲಿಲ್ಲ. ಅಣ್ಣ ತೀರಿಕೊಂಡ ವಾರದಲ್ಲೇ ಬಂದು, ಹಜಾರದ ಗೋಡೆಗೆ ಒತ್ತಿ ನಿಂತಿದ್ದ ಸಮುದ್ರದ ಮೀನಿನ ತೊಟ್ಟಿಯನ್ನು ಬೆನ್ನ ಹಿಂದೆ ಕೈಕಟ್ಟಿಕೊಂಡು ನೋಡಿದ. ಕಿರಾಣಿ ಅಂಗಡಿಯನ್ನೂ ಅವನು ಹಾಗೆಯೇ ನೋಡುತ್ತಿದ್ದನಂತೆ.

"ಇನ್ನು ಇದರ ಚಿಂತೆ ನಿಮಗೆ ಬೇಡ ಅತ್ತಿಗೆ. ನಾನಿದ್ದೀನಲ್ಲ."

ಆಗ ಆಕೆಗೆ ತೊಟ್ಟಿಯ ಕಡೆ ಕಣ್ಣೆತ್ತಿ ನೋಡುವ ಶಕ್ತಿಯೂ ಇರಲಿಲ್ಲ. ಬೆಳಗಿನ ಪ್ರಾರ್ಥನೆಗೂ ಅದಕ್ಕೆ ಬೆನ್ನು ಮಾಡಿಯೇ ಕೂರುತ್ತಿದ್ದಳು. ಆದ್ದರಿಂದ ಹೂಂ ಎಂದಳು. ನಾನಿದ್ದೀನಿ ಎನ್ನುವವರು ಮನೆಗೆ ಕಾಲಿಟ್ಟರೆ ಏನಾಗುತ್ತದೆ ಎಂಬುದು ಆಮೇಲೆ ತಿಳಿಯಿತು.

ಒಂದು ಬೆಳಿಗ್ಗೆ ಅವನು ಅಂಗಿಯ ತೋಳು ಮಡಚಿಕೊಂಡು ತೊಟ್ಟಿಗೆ ಕೈ ಹಾಕುತ್ತಾ, "ಇದು ಸತ್ತೋಗಿದೆ ಅತ್ತಿಗೆ. ಕಿತ್ತು ಬಿಸಾಕ್ತೀನಿ. ಇಲ್ಲಾಂದ್ರೆ ನೀರೆಲ್ಲ ನಾರುತ್ತೆ," ಎಂದ.

ಆಕೆ ಎದ್ದು ಬಂದಳು. ಕಡಲಹೂವು ಎಂದು ಗಂಡ ಕರೆಯುತ್ತಿದ್ದ ಜೀವ ಅದು. ಹೂವಲ್ಲ, ಮೈತುಂಬ ಬೆರಳುಗಳುಳ್ಳ ಪ್ರಾಣಿ. ಬಿಚ್ಚಿಕೊಂಡರೆ ಊಟದ ತಟ್ಟೆಯಗಲ. ತಾನು ಹೋದ ಮೇಲೂ ಇದು ಇರುತ್ತದೆ ನೋಡು ಎಂದು ಅವರು ಹೇಳಿದ್ದರು. ಈಗ ಅದು ಹಿಂಡಿದ ನಿಂಬೆಹಣ್ಣಿನ ಹಾಗೆ ಮುದುಡಿತ್ತು. ಅದರ ಮಡಿಲಲ್ಲೇ ಮಲಗುತ್ತಿದ್ದ ಕಿತ್ತಳೆ ಬಣ್ಣದ ಜೋಡಿ ಮೀನು ಗಾಜಿನ ಮೂಲೆ ಸೇರಿ ಬಾಯಿ ಬಿಡುತ್ತಿದ್ದವು. ಆದರೆ ಹೂವಿನ ಬುಡ ಇನ್ನೂ ಕಲ್ಲನ್ನು ಬಿಟ್ಟಿರಲಿಲ್ಲ. ಗಂಡನ ಕೈ ತನ್ನ ಬೆರಳನ್ನು ಬಿಟ್ಟ ಗಳಿಗೆಯನ್ನು ಕಂಡವಳು ಆಕೆ. ಬಿಡುವುದೆಂದರೆ ಏನೆಂದು ಇವನಿಂದ ಕಲಿಯಬೇಕಾಗಿರಲಿಲ್ಲ.

"ಕೈ ತೆಗಿ. ಉಪ್ಪೆಷ್ಟಿದೆ?"

"ಮೂವತ್ತೈದು! ಒಂದು ಗೆರೆ ಆಚೆ ಇಲ್ಲ, ಈಚೆ ಇಲ್ಲ. ಬೇಕಾದ್ರೆ ನೀವೇ ನೋಡಿ."

ಸಾವಿರ ಪಾಲು ಸಮುದ್ರದ ನೀರಿನಲ್ಲಿ ಮೂವತ್ತೈದು ಪಾಲು ಉಪ್ಪು. ಅದನ್ನು ಅಳೆಯುವ ಮೀಟರ್ ಗೇಣುದ್ದದ ದುರ್ಬೀನಿನಂತಿತ್ತು. ತುದಿಯ ಓರೆ ಗಾಜಿನ ಮೇಲೆ ಒಂದು ಹನಿ ಬಿಟ್ಟು, ಬೆಳಕಿಗೆ ಹಿಡಿದು ಇಣುಕಿದರೆ ಮೇಲೆ ನೀಲಿ, ಕೆಳಗೆ ಬಿಳಿ. ಎರಡೂ ಸೇರುವ ಗೆರೆಯೇ ಲೆಕ್ಕ. ಗಂಡನ ಕಣ್ಣಿಗೆ ಪೊರೆ ಬಂದ ಮೇಲೆ ಇಣುಕುವ ಕೆಲಸ ಆಕೆಯದಾಗಿತ್ತು. "ಎಷ್ಟೇ?" ಎಂದು ಅವರು ಕೇಳುವುದು, "ಮೂವತ್ತೈದು" ಎಂದು ಈಕೆ ಹೇಳುವುದು.

ಇಣುಕಿದಳು. ಮೂವತ್ತೈದೇ. ಆದರೆ ತೊಟ್ಟಿಯ ಅಂಚಿನಲ್ಲಿ ಉಪ್ಪು ಬಿಳಿಯಾಗಿ ಹಕ್ಕಳೆಗಟ್ಟಿತ್ತು. ಮೀಟರಿನ ಲೆಕ್ಕ ತಿದ್ದುವ ತಿರುಪಿನ ಸುತ್ತ ಹೊಸದಾಗಿ ಗೀರು ಬಿದ್ದಿತ್ತು.

"ನೀರು ಕಮ್ಮಿ ಆದಾಗ ಏನು ತುಂಬಿಸ್ತೀಯ?"

"ಉಪ್ಪುನೀರು. ಸಮುದ್ರದ ಮೀನಿಗೆ ಸಿಹಿನೀರು ಕುಡಿಸ್ತಾರಾ?" ತನ್ನ ಮಾತಿಗೆ ತಾನೇ ನಕ್ಕ.

ಆವಿಯಾಗುವುದು ನೀರು, ಉಪ್ಪು ಎಲ್ಲಿಗೂ ಹೋಗುವುದಿಲ್ಲ. ದೇವರು ಸಮುದ್ರದಿಂದ ಮೋಡ ಎತ್ತುವಾಗ ಉಪ್ಪನ್ನು ಅಲ್ಲೇ ಬಿಟ್ಟು ಎತ್ತುತ್ತಾನೆ, ಹಿಂದಿರುಗಿಸುವಾಗ ಸಿಹಿನೀರನ್ನೇ ಹಿಂದಿರುಗಿಸುತ್ತಾನೆ. ಹುಟ್ಟಿದಂದಿನಿಂದ ಮಳೆ ನೋಡಿಯೂ ಇಷ್ಟು ತಿಳಿಯದವನ ಕೈಗೆ ಸರ್ಕಾರ ಮೊಹರು ಕೊಟ್ಟಿತ್ತು.

"ಹಾಗಿದ್ರೂ ಮೂವತ್ತೈದೇ ತೋರಿಸ್ತಿದೆಯಾ?"

"ಮೊದಲು ಜಾಸ್ತಿ ತೋರಿಸ್ತಿತ್ತು. ಮೀಟರ್ ಕೆಟ್ಟಿತ್ತು ಅತ್ತಿಗೆ. ಅಣ್ಣ ಯಾವತ್ತೂ ಮೂವತ್ತೈದೇ ಇಡ್ತಿದ್ದ ಅಲ್ವಾ? ಅಂದ್ಮೇಲೆ ನೀರು ಮೂವತ್ತೈದೇ. ಸ್ಕ್ರೂ ತಿರುಗಿಸಿ ಸರಿ ಮಾಡ್ದೆ. ಆಗಾಗ ಮಾಡ್ತಾನೇ ಇರ್ಬೇಕು. ಹಾಳಾದ್ದು, ನಿಲ್ಲೋದೇ ಇಲ್ಲ."

ಆಕೆ ಕಣ್ಣು ಮುಚ್ಚಿ ದೇವರಲ್ಲಿ ಸಹನೆ ಕೇಳಿದಳು. ಅದು ಬರುವುದು ತಡವಾಯಿತು.

"ನೀನು ಕೆಲಸದಲ್ಲಿದ್ದಾಗ, ಸಕ್ಕರೆಗೆ ತಕ್ಕ ಹಾಗೆ ತಕ್ಕಡಿ ತಿದ್ದಿದ ಅಂಗಡಿಯವನಿಗೆ ಏನ್ ಮಾಡ್ತಿದ್ದೆ?"

"ಬಿಡ್ತಿದ್ನಾ? ಅಲ್ಲೇ ತಕ್ಕಡಿ ಜಪ್ತಿ!"

"ಸರಿ. ಮೀಟರ್ ನನ್ನ ಹತ್ರ ಇರ್ಲಿ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಗಂಡ ಇಟ್ಟಿದ್ದ ಪುಟ್ಟ ಬಾಟಲಿ ಇತ್ತು. ಮೀಟರನ್ನು ಪರೀಕ್ಷಿಸಲೆಂದೇ ಕಾರ್ಖಾನೆಯಲ್ಲಿ ಸರಿಯಾಗಿ ಮೂವತ್ತೈದಕ್ಕೆ ಬೆರೆಸಿ ಮುಚ್ಚಿದ ನೀರು, ಸೀಲು ಒಡೆದಿರಲಿಲ್ಲ. ಆಕೆ ಮೀಟರಿನ ಗಾಜನ್ನು ತೊಳೆದು ಒರೆಸಿ, ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು.

"ಹಾಕಿ ನೋಡಿ ಮತ್ತೆ, ಯಾಕೆ ಕಾಯೋದು?"

"ಎರಡರ ಬಿಸಿಯೂ ಒಂದಾಗ್ಲಿ. ನಿನ್ನ ಹಾಗೆ ಬಂದ ತಕ್ಷಣ ಮೊಹರು ಹೊಡಿಯೋಕಾಗಲ್ಲ."

ಆಮೇಲೆ ಸೀಲು ಒಡೆದು ಒಂದು ಹನಿ ಬಿಟ್ಟು ಇಣುಕಿದಳು. ಗೆರೆ ಇಪ್ಪತ್ತೊಂಬತ್ತರಲ್ಲಿ ನಿಂತಿತ್ತು. ಮೀಟರ್ ಆರು ಕಡಿಮೆ ಹೇಳುತ್ತಿತ್ತು.

"ಬಾಟ್ಲಿ ಹಳೇದಾಗಿರ್ಬೇಕು," ಎಂದ ಇನ್ಸ್‌ಪೆಕ್ಟರ್.

"ಹೌದಪ್ಪ. ಬಾಟ್ಲಿ ಸುಳ್ಳು, ಮೀಟರ್ ಸುಳ್ಳು, ಆ ಹೂವೂ ಸುಳ್ಳು. ನೀನೊಬ್ಬ ಸತ್ಯವಂತ."

ತಿರುಪನ್ನು ಯಾವಾಗಲೂ ಗಂಡನೇ ತಿರುಗಿಸುತ್ತಿದ್ದರು. ಈ ಸಲ ಕಣ್ಣೂ ಆಕೆಯದೇ, ಕೈಯೂ ಆಕೆಯದೇ. ಎರಡು ಸಲ ತಪ್ಪಿತು. ಮೂರನೆಯ ಸಲ ಗೆರೆ ಮೆಲ್ಲಗೆ ಮೇಲೇರಿ ಮೂವತ್ತೈದನ್ನು ಮುಟ್ಟಿತು. ಗಾಜು ಒರೆಸಿ ತೊಟ್ಟಿಯ ಹನಿ ಬಿಟ್ಟಳು. ನಲವತ್ತೊಂದು.

ಆಕೆ ಅದನ್ನು ಹೇಳಿದ್ದೇ ತಡ, ಅವನು ಬಚ್ಚಲಿನಿಂದ ತುಂಬಿದ ಬಕೆಟ್ ಹಿಡಿದು ಬಂದ. "ಅದಕ್ಕೇನಂತೆ, ಎರಡು ಬಕೆಟ್ ಸಿಹಿನೀರು ಸುರಿದ್ರೆ ಆಯ್ತು!"

"ಇಡು ಕೆಳಗೆ! ಒಂದೇ ಸಲ ಇಳಿಸಿದ್ರೆ ಉಳಿದಿರೋ ಜೀವಾನೂ ಹೋಗುತ್ತೆ. ದಿನಾ ಒಂದು ಜಗ್ ತೆಗೀಬೇಕು, ಒಂದು ಜಗ್ ಹಾಕ್ಬೇಕು. ಅದನ್ನ ನಾನು ಮಾಡ್ತೀನಿ. ನೀನು ಅಂಗಡಿಯಿಂದ ಶುದ್ಧ ನೀರಿನ ಕ್ಯಾನ್ ಹೊತ್ಕೊಂಡು ಬಾ. ಕ್ಯಾನಿಗೆ ಸ್ಕ್ರೂ ಇರಲ್ಲ."

ಹೊತ್ತ. ಏದುಸಿರು ಬಿಡುತ್ತಾ, ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ ಅಣ್ಣನ ತೊಟ್ಟಿಯನ್ನು ತಾನೇ ಉಳಿಸುತ್ತಿದ್ದೇನೆಂದು ಹೇಳುತ್ತಾ ಹೊತ್ತ. ಆಕೆ ದಿನವೂ ಜಗ್ಗಿನಲ್ಲಿ ನೀರು ಬದಲಿಸಿದಳು, ದಿನವೂ ಇಣುಕಿದಳು. ಗೆರೆ ಇಳಿಯುತ್ತಾ ಬಂತು. ಹೂವು ಮಾತ್ರ ಮುದುಡಿಯೇ ಇತ್ತು. ಒಂದು ದಿನ ಅದರ ಒಂದು ಬೆರಳು ಹೊರಬಂದಂತೆ ಕಂಡಿತು. ತನ್ನ ಆಸೆಯೇ ಹಾಗೆ ತೋರಿಸಿತೇನೋ ಎಂದು ಆಕೆ ನಂಬಲಿಲ್ಲ. ಮತ್ತೂ ಕೆಲವು ದಿನಗಳ ಮೇಲೆ ದೀಪ ಹಾಕಿದಾಗ ಅದು ಅಂಗೈಯಗಲ ಬಿಚ್ಚಿಕೊಂಡಿತ್ತು. ಎರಡು ಮೀನೂ ಅದರೊಳಗೆ ತೂರಿಕೊಂಡು ಬಾಲವನ್ನಷ್ಟೇ ಹೊರಗೆ ಬಿಟ್ಟಿದ್ದವು.

ಆಕೆ ಹನಿ ಬಿಟ್ಟು ಮೀಟರನ್ನು ಕಣ್ಣಿಗೆ ಹಿಡಿದಳು. "ಎಷ್ಟೇ?" ಎಂದು ಯಾರೂ ಕೇಳಲಿಲ್ಲ. ಆದರೂ ಬಾಯಿ ತಾನಾಗಿ ಹೇಳಿತು: "ಮೂವತ್ತೈದು."

ಬಾಗಿಲಲ್ಲಿ ಕ್ಯಾನ್ ಇಳಿಸುತ್ತಿದ್ದವನು ತಲೆಯೆತ್ತಿದ. "ನೋಡಿದ್ರಾ? ನಾನು ಅವತ್ತೇ ಹೇಳಿರ್ಲಿಲ್ವಾ, ಮೂವತ್ತೈದು ಅಂತ?"

ಆಕೆ ಗಾಜು ಒರೆಸಿಟ್ಟು ಪ್ರಾರ್ಥನೆಗೆ ಕೂತಳು. ಅಂದು ತೊಟ್ಟಿಗೆ ಮುಖ ಮಾಡಿ. ಗಂಡನನ್ನು ನೆನೆದಳು, ಹೂವನ್ನು ನೆನೆದಳು, ಮೀನುಗಳನ್ನೂ ನೆನೆದಳು. ಮೈದುನನ ಸರದಿ ಬಂದಾಗ, ಅವನು ಕ್ಯಾನ್ ಹೊತ್ತದ್ದನ್ನು ಮಾತ್ರ ದೇವರಿಗೆ ತಿಳಿಸಿದಳು.