ಮೂರು ಸಲ ಕೂಗಿದರು

ನೂಲಜ್ಜಿ ಅಂತ ಹೆಸರಿಟ್ಟವಳು ಮೊಮ್ಮಗಳೇ. ನೂಲಿನ ಗಿರಣಿಯಲ್ಲಿ ಇಪ್ಪತ್ತೆಂಟು ವರ್ಷ ದುಡಿದವಳಿಗೆ ಆ ಹೆಸರು ಒಪ್ಪುತ್ತಿತ್ತು. ಮಗಳು ತೀರಿಕೊಂಡ ಮೇಲೆ ಅಳಿಯ ಆರು ವರ್ಷದ ಮಗುವನ್ನು ತನ್ನ ಅಕ್ಕನ ಮನೆಯಲ್ಲಿ ಬಿಟ್ಟು ಬೇರೆ ಸಂಸಾರ ಹೂಡಿದ. ಆ ಮನೆಯವರು ಅಜ್ಜಿಯನ್ನು ಹೊಸಿಲಾಚೆಯಿಂದಲೇ ಸಾಗಹಾಕಿದರು. ಮಗುವನ್ನು ನನ್ನ ಸುಪರ್ದಿಗೆ ಕೊಡಿ ಎಂದು ಅಜ್ಜಿ ಕೋರ್ಟಿಗೆ ಅರ್ಜಿ ಹಾಕಿದಳು.

ವಿಚಾರಣೆಯ ದಿನ ಅವಳ ಪರ ನಿಂತಿದ್ದ ಲಾಯರಮ್ಮನಿಗೆ ಮೇಲಿನ ಮಹಡಿಯಲ್ಲಿ ಇನ್ನೊಂದು ಕೇಸಿತ್ತು. "ಹೆಸರು ಕೂಗಿದ್ರೆ ಒಳಗೆ ಹೋಗಿ, ಲಾಯರು ಬರ್ತಿದ್ದಾರೆ ಅನ್ನಿ," ಎಂದು ಹೇಳಿ ಹೋದರು. ಮಧ್ಯಾಹ್ನ ಓಡಿಬಂದು ನೋಡಿದರೆ ಅರ್ಜಿ ವಜಾ. ಜವಾನ ಬಾಗಿಲಲ್ಲಿ ನಿಂತು ಮೂರು ಸಲ ಕೂಗಿದರೂ ಅರ್ಜಿದಾರಳ ಸುಳಿವಿಲ್ಲ ಅಂತ ದಾಖಲಾಗಿತ್ತು. ಅಜ್ಜಿಯೋ, ಅದೇ ಬಾಗಿಲ ಪಕ್ಕದ ಬೆಂಚಿನ ಮೇಲೆ ಬೆಳಗಿನಿಂದ ಕೂತೇ ಇದ್ದಳು.

ಲಾಯರಮ್ಮನ ಕಚೇರಿ ಒಂದು ಗೂಡು. ಫೈಲುಗಳ ನಡುವೆ ಅಜ್ಜಿಗೆ ಮೊಣಕಾಲು ಚಾಚಲೂ ಜಾಗವಿರಲಿಲ್ಲ.

"ವಜಾ ಆದದ್ದಕ್ಕೆ ಮತ್ತೆ ಜೀವ ಕೊಡಿಸಬಹುದು. ಕಾರಣ ಬೇಕು ಅಷ್ಟೆ. ಎಲ್ಲಿ ಹೋಗಿದ್ರಿ ಅಮ್ಮಾ?"

"ಎಲ್ಲೂ ಹೋಗಿಲ್ಲ ಕಣಮ್ಮ." ಅಜ್ಜಿ ಸೆರಗಿನ ಅಂಚು ತಿರುಚಿದಳು. "ನನಗೆ ಕೇಳಿಸಲ್ಲ."

ಗಿರಣಿಯ ಸದ್ದು ಅವಳ ಕಿವಿಯನ್ನು ಎಂದೋ ತಿಂದುಹಾಕಿತ್ತು. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುತ್ತಿದ್ದಳು. ಕರೆದರೆ ತಿರುಗಿಯೂ ನೋಡಲ್ಲ, ಎಂಥ ಜಂಬ ಅಂತ ಪಕ್ಕದ ಮನೆಯವಳು ಆಡಿಕೊಳ್ಳುತ್ತಿದ್ದಳು. ಕಿವುಡಿ ಅನ್ನಿಸಿಕೊಳ್ಳುವುದಕ್ಕಿಂತ ಜಂಬದವಳೇ ಆಗಲಿ ಎಂದು ಅಜ್ಜಿ ಸುಮ್ಮನಿದ್ದಳು.

ಲಾಯರಮ್ಮ ಪೆನ್ನು ಕೆಳಗಿಟ್ಟರು. "ಇದನ್ನ ಬರೆದ್ರೆ ಅರ್ಜಿ ಉಳಿಯುತ್ತೆ. ಆದರೆ ಕಿವಿ ಕೇಳದವರು ಮಗು ಹೇಗೆ ಸಾಕ್ತಾರೆ ಅಂತ ಆ ಕಡೆಯವರು ಇದನ್ನೇ ಹಿಡ್ಕೋತಾರೆ."

"ಜ್ವರ ಬಂದಿತ್ತು ಅಂತ ಬರೆದ್ರೆ?"

"ನಿಮ್ಮ ಅಳಿಯ ಅವತ್ತು ಬಂದಿದ್ದರಲ್ಲ?"

ಬಂದಿದ್ದ. ಬೆಂಚಿನ ಮುಂದೆಯೇ ಹಾದು ಒಳಗೆ ಹೋಗಿದ್ದ. ಇವಳನ್ನು ನೋಡಿಯೂ ಇದ್ದ. ನಿಜ ಹೇಳಿದರೆ ಮಗು ಕೈತಪ್ಪೀತು, ಸುಳ್ಳು ಹೇಳಿದರೆ ಅರ್ಜಿಯೇ ಹೋದೀತು.

"ನಿಜವನ್ನೇ ಬರೀಮ್ಮ," ಎಂದು ಗಿರಣಿಯ ರೂಢಿಯಂತೆ ಹೆಬ್ಬೆಟ್ಟು ಒತ್ತಲು ಬೆರಳು ಮುಂದೆ ಚಾಚಿದವಳು, ಮರುಕ್ಷಣ ಅದನ್ನು ಮಡಚಿಕೊಂಡು, "ಬೇಡ, ಪೆನ್ನು ಕೊಡು. ಸಹಿ ಬರುತ್ತೆ ನನಗೆ," ಎಂದಳು.

ಹದಿನೈದು ದಿನದ ಮೇಲೆ ಜಡ್ಜ್ ಆ ಕಾಗದ ಓದಿ ಅಳಿಯನನ್ನು ಕೇಳಿದರು: "ಇವರು ಹೊರಗೆ ಕೂತಿದ್ದು ನಿಜವೇ?"

"ಹೌದು ಸ್ವಾಮಿ."

"ಕೂಗಿದ್ದು ನಿಮಗೆ ಕೇಳಿಸಿತ್ತು. ಅವರಿಗೊಂದು ಮಾತು ಹೇಳಬಾರದಿತ್ತೇ?"

ಅರ್ಜಿ ಮತ್ತೆ ದಾಖಲಾಯಿತು. ಆಗಲೇ ಅಳಿಯನ ಲಾಯರು ಎದ್ದು ಏನೋ ಹೇಳತೊಡಗಿದ. ಅವನ ಬೆನ್ನು ಅಜ್ಜಿಯ ಕಡೆಗಿತ್ತು. ಅವಳಿಗೆ ಕಂಡದ್ದು ಜಡ್ಜ್ ತಲೆಯಾಡಿಸಿದ್ದು ಮಾತ್ರ.

ಹೊರಗೆ ಲಾಯರಮ್ಮ ಅವಳ ಮುಖಕ್ಕೆ ನೇರವಾಗಿ ನಿಂತು, ಬಿಡಿಸಿ ಬಿಡಿಸಿ ಹೇಳಿದರು: "ಅರ್ಜಿ ಉಳೀತು ಅಮ್ಮಾ. ಆದರೆ ಗುರುವಾರ ಆಸ್ಪತ್ರೇಲಿ ಕಿವಿ ಪರೀಕ್ಷೆ ಮಾಡಿಸ್ಬೇಕಂತೆ."

"ಹೋಗದಿದ್ರೆ?"

"ಮತ್ತೆ ವಜಾ ಮಾಡ್ತಾರೆ."

ಅಜ್ಜಿ ಲಾಯರಮ್ಮನ ಕೈಯಿಂದ ಪರೀಕ್ಷೆಯ ಚೀಟಿ ಇಸಿದುಕೊಂಡು ತಾರೀಖನ್ನು ಎರಡು ಸಲ ಓದಿದಳು. ಆಮೇಲೆ ಆಸ್ಪತ್ರೆಗೆ ಯಾವ ಬಸ್ಸು ಹೋಗುತ್ತೆ ಅಂತ ಕೇಳಿದಳು.