ಬಿಸಿನೀರ ಮನೆಯ ಇಂಗ್ಲಿಷ್ ಬೋರ್ಡು

ತೊಟ್ಟಿಯಲ್ಲಿ ಐವತ್ತು ನಿಮಿಷ ಮಲಗಿಬಿಟ್ಟಿದ್ದ ಆ ಪರದೇಶದವನನ್ನು ಕಂಕುಳಿಗೆ ಕೈಹಾಕಿ ಹೊರಗೆಳೆದಾಗ ಸೈರಾಕಾನಳಿಗೆ ಬಂದದ್ದು ಕನಿಕರವಲ್ಲ, ಸಿಟ್ಟು. ಎರಡು ಮೀಟರ್ ಉದ್ದದ ಆಳು, ಮೈಮೇಲೆ ಒಂದೆಳೆ ನೂಲಿಲ್ಲ, ಬಣ್ಣ ಬೇಯಿಸಿದ ಬೀಟ್‌ರೂಟಿನದು. ತೊರೆಯ ನೀರನ್ನು ಬಕೆಟ್ಟಿನಲ್ಲಿ ತಂದು ನೆತ್ತಿಯ ಮೇಲೆ ಸುರಿದಳು. ಅವನು ಕಣ್ಣು ಬಿಟ್ಟು, ಅವಳನ್ನು ನೋಡಿ ನಕ್ಕು, "ಥ್ಯಾಂಕ್ ಯೂ" ಎಂದ.

"ಥ್ಯಾಂಕ್ ಯೂ ಅಂತೆ! ಸತ್ತಿದ್ರೂ ಹಲ್ಲು ಕಿರ್ಕೊಂಡೇ ಸಾಯ್ತಿದ್ದ, ಮುಂಡೇದು," ಎಂದು ಬೈಯುತ್ತ ಅವನ ಮೇಲೆ ಟವೆಲು ಎಸೆದಳು.

ಕೋಕ್-ಅರಶಾನ್ ಎಂಬ ಆ ಬೆಟ್ಟದೂರಿನ ಬಿಸಿನೀರ ಮನೆಯ ಬೀಗದ ಕೈ ಹತ್ತೊಂಬತ್ತು ವರ್ಷದಿಂದ ಅವಳ ಸೊಂಟದಲ್ಲಿತ್ತು. ಸೋವಿಯತ್ ಕಾಲದ ಕಟ್ಟಡ. ನಾಲ್ಕು ಕೋಣೆ, ಕೋಣೆಗೊಂದು ಸಿಮೆಂಟಿನ ತೊಟ್ಟಿ, ಬೆಟ್ಟದ ಹೊಟ್ಟೆಯಿಂದ ನೇರ ಬರುವ ಗಂಧಕದ ನೀರು. ಹದಿನೈದು ನಿಮಿಷ ಕೂತರೆ ಮೈಕೈ ಹಗುರ, ಮೀರಿದರೆ ತಲೆ ತಿರುಗುತ್ತದೆ. ಊರಿನ ಮುದುಕರಿಗೆಲ್ಲ ಇದು ಗೊತ್ತು. ಆದರೆ ಬೇಸಿಗೆಯಲ್ಲಿ ಕಣಿವೆ ದಾಟಿ, ಬೆನ್ನ ಮೇಲೆ ಮನೆಯಷ್ಟು ದೊಡ್ಡ ಚೀಲ ಹೊತ್ತು ಬರುವ ಪರದೇಶದವರಿಗೆ ಹೇಳುವುದು ಹೇಗೆ? ಅವಳು ಹೊರಗಿನಿಂದ ಬಾಗಿಲು ಬಡಿದು ಕಿರ್ಗಿಜ್ ಭಾಷೆಯಲ್ಲಿ ಅರಚಿದರೆ ಜಾನಪದ ಗೀತೆಯೇನೋ ಎಂಬಂತೆ ಒಳಗಿನಿಂದ ಚಪ್ಪಾಳೆ ತಟ್ಟುತ್ತಿದ್ದರು.

ಸಂಜೆಯೊಳಗೆ ಊರ ಮುಖ್ಯಸ್ಥ ಎಶೆನ್ ಓಡಿಬಂದ.

"ಅಕ್ಕಾ, ಒಬ್ಬ ಸತ್ರೂ ಜಿಲ್ಲೆಯವರು ಬಂದು ಬಾಗಿಲಿಗೆ ಮೊಳೆ ಹೊಡೀತಾರೆ. ಇಂಗ್ಲಿಷಲ್ಲಿ ಒಂದು ಬೋರ್ಡು ಹಾಕ್ಬಿಡು."

"ನಂಗೆಲ್ಲಿ ಬರುತ್ತಪ್ಪಾ ಇಂಗ್ಲಿಷು?"

"ಬರೋರ ಹತ್ರ ಕೇಳು." ಹಾಗೆಂದು ಎಶೆನ್ ತನ್ನ ಬೂಟಿನ ತುದಿ ನೋಡುತ್ತ ನಿಂತ. ಯಾರ ಹತ್ತಿರ ಎಂದು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಊರಿನ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತನಾದ ತುರ್ದಾಕುನ್ ಮೇಷ್ಟ್ರು ಅವಳ ಗಂಡನಾಗಿದ್ದವನು. ಬಿಟ್ಟು ಹನ್ನೊಂದು ವರ್ಷವಾಗಿತ್ತು. ಅವನು ಹೊಡೆದವನಲ್ಲ, ಊರಿನವರಿಗಿಂತ ಹೆಚ್ಚು ಕುಡಿದವನೂ ಅಲ್ಲ. ತೊಂದರೆ ಬೇರೆ. ಹೆಣ್ಣು ಕುದುರೆ ಮಾರೋಣವಾ ಎಂದರೆ "ಮಾರಬಹುದು" ಎನ್ನುತ್ತಿದ್ದ. ಹಾಗಾದರೆ ಮಾರುತ್ತೇನೆ ಎಂದರೆ "ಇಟ್ಕೊಳ್ಳಲೂಬಹುದು." ಇಪ್ಪತ್ತೆರಡು ವರ್ಷ ಸಹಿಸಿದಳು. ಒಂದು ವಸಂತದಲ್ಲಿ ಸೂರು ಸೋರಿ ಹಾಸಿಗೆ ನೆನೆದಾಗ ರಿಪೇರಿ ಯಾವಾಗ ಎಂದು ಕೇಳಿದಳು. ಅವನು ಕಿಟಕಿಯಿಂದ ಆಕಾಶ ನೋಡಿ, "ಇನ್ನು ಮಳೆ ಬರದೇನೂ ಇರಬಹುದು" ಎಂದ. ಅವಳು ತನ್ನ ರಜಾಯಿಗಳನ್ನು ಸುತ್ತಿಕೊಂಡು ಬಿಸಿನೀರ ಮನೆಯ ಹಿಂದಿನ ಕೋಣೆಗೆ ಬಂದುಬಿಟ್ಟಳು. ವಿಚ್ಛೇದನಕ್ಕೆ ಒಪ್ಪಿಗೆಯೇ ಎಂದು ನ್ಯಾಯಾಧೀಶರು ಕೇಳಿದಾಗ ಮೇಷ್ಟ್ರು ಹೇಳಿದ್ದು, "ಒಪ್ಪಬಹುದು."

ಎಶೆನ್ ಬಂದುಹೋದ ಮರುದಿನ ಅವಳು ಮೇಷ್ಟ್ರ ಮನೆಗೆ ಹೋದಾಗ ಅವನು ಅಂಗಳದಲ್ಲಿ ಏಪ್ರಿಕಾಟು ಒಣಹಾಕುತ್ತಿದ್ದ. ಎದ್ದು ನಿಂತು, ತಲೆಯ ಮೇಲಿನ ಬಿಳಿ ಟೋಪಿ ಸರಿಮಾಡಿಕೊಂಡು, ಚಹಾ ಬಸಿದು ಕೊಟ್ಟ.

"ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂತ್ರೆ ಸಾಯ್ತೀರಿ ಅಂತ ಬರ್ಕೊಡಿ ಮೇಷ್ಟ್ರೇ," ಎಂದಳು, ಕೂರುವ ಮೊದಲೇ.

"ಇಲ್ಲಿವರೆಗೆ ಎಷ್ಟು ಜನ ಸತ್ತಿದಾರೆ?"

"ಒಬ್ಬರೂ ಇಲ್ಲ. ನಾನಿದೀನಲ್ಲ!"

"ಹಾಗಿದ್ರೆ ವಿಲ್ ಹಾಕೋ ಹಾಗಿಲ್ಲ." ಅವನ ಬೆನ್ನು ನೆಟ್ಟಗಾಯಿತು, ಎದುರಿಗೆ ಮೂವತ್ತು ಮಕ್ಕಳು ಕೂತಂತೆ. "ವಿಲ್ ಅಂದ್ರೆ ಆಗೇ ಆಗುತ್ತೆ. ಕುಡ್ ಅಂದ್ರೆ ಆಗೋ ಸಾಧ್ಯತೆ ಇದೆ. ಮೇ ಅಂದ್ರೆ ಆಗಬಹುದು. ಮೈಟ್ ಅಂದ್ರೆ…" ಇಲ್ಲಿ ಅವನ ಮುಖ ತನ್ನ ಮೆಚ್ಚಿನ ಕುದುರೆಯ ಹೆಸರು ಹೇಳುವವನ ಹಾಗೆ ಅರಳಿತು. "ಮೈಟ್ ಅಂದ್ರೆ ಆದರೂ ಆಗಬಹುದು, ಆಗದೇನೂ ಇರಬಹುದು."

"ಓಹೋ! ಈ ರೋಗ ನಿಮಗೆ ಇಂಗ್ಲಿಷಿಂದ ಬಂದಿದ್ದಾ? ನಾನು ಇಷ್ಟು ವರ್ಷ ಸುಮ್ನೆ ನಿಮ್ಮಮ್ಮನನ್ನ ಬೈಕೊಂಡೆ."

"ನೋಡು, ನಿಜ ಇದ್ದಷ್ಟೇ ಹೇಳ್ಬೇಕು…"

"ಏನಾದ್ರೂ ಬರೀರಿ. ಜನ ಎದ್ದು ಬಂದ್ರೆ ಸಾಕು."

ಅವನು ಮೂರು ದಿನ ತೆಗೆದುಕೊಂಡ. ಹಲಗೆಯ ಮೇಲೆ ದುಂಡು ಅಕ್ಷರದಲ್ಲಿ ಬರೆದು ತಂದ: ಹದಿನೈದು ನಿಮಿಷ ಮೀರಿದರೆ ತಮಗೆ ಸ್ವಲ್ಪ ಅಸ್ವಸ್ಥವೆನಿಸಿದರೂ ಅನಿಸಬಹುದು. ಅದನ್ನು ಬಾಗಿಲ ಪಕ್ಕ ಹೊಡೆದು, ಯಾರಾದರೂ ಓದುತ್ತಾರಾ ಎಂದು ನೋಡಲು ಅಲ್ಲೇ ಬೆಂಚಿನ ಮೇಲೆ ಕೂತ. ಒಂದು ಜೋಡಿ ಬಂತು. ಬೋರ್ಡನ್ನು ಎರಡು ಸಲ ಓದಿ, ಏನೋ ಮಾತಾಡಿಕೊಂಡು, ನಗುತ್ತ ಒಳಗೆ ಹೋಗಿ ನಲವತ್ತು ನಿಮಿಷ ಕೂತಿತು.

"ಏನಂದ್ರು?" ಸೈರಾಕಾನ್ ಕೇಳಿದಳು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡ. "ಮೈಟ್ ತಾನೇ ಅಂದ್ರು."

ಅವಳು ಒಳಗಿನಿಂದ ಕೆಂಪು ಬಣ್ಣದ ಡಬ್ಬಿ ತಂದಳು. "ವಿಲ್ ಹೇಗೆ ಬರೀತಾರೆ, ತೋರ್ಸಿ."

"ಸೈರಾ, ಅದು ಸುಳ್ಳಾಗುತ್ತೆ."

"ತೋರಿಸ್ತೀರೋ, ಇಲ್ಲಾ ನಿಮ್ಮ ಟೋಪಿಗೆ ಬಣ್ಣ ಹೊಡೀಲೋ?"

ಅವನು ಅವಳು ಹೇಳಿದ ಇಡೀ ಸಾಲನ್ನು ಮಣ್ಣಿನಲ್ಲಿ ಕಡ್ಡಿಯಿಂದ ಗೀಚಿ ತೋರಿಸಿದ. ಅವಳು ನೋಡಿಕೊಂಡು, ಮೊದಲಿನದನ್ನೆಲ್ಲ ಅಳಿಸಿ, ಕುರಿ ಕಡಿದಷ್ಟು ಕೆಂಪು ಬಳಿದು ಬರೆದಳು: ಹದಿನೈದು ನಿಮಿಷ, ಆಮೇಲೆ ನೀವು ಸಾಯುತ್ತೀರಿ.

ಇದರಿಂದ ಆದದ್ದು ಅವಳು ಕನಸಿನಲ್ಲೂ ಎಣಿಸದ್ದು. ಪರದೇಶದವರು ಬೋರ್ಡಿನ ಬುಡದಲ್ಲಿ ನಾಲಗೆ ಹೊರಹಾಕಿ ಬಿದ್ದುಕೊಂಡು ಫೋಟೋ ತೆಗೆಸಿಕೊಂಡರು. ಅದನ್ನು ಫೋನಿನಲ್ಲಿ ನೋಡಿದವರು ಇನ್ನಷ್ಟು ಜನ ಬಂದರು. ಗಡಿಯಾರ ಹಿಡಿದು ಕೂತು, ಹದಿನಾರನೇ ನಿಮಿಷಕ್ಕೆ "ಬದುಕಿದೀವಿ!" ಎಂದು ಒಟ್ಟಿಗೆ ಕಿರುಚುವ ಆಟ ಶುರುವಾಯಿತು. ಕೆಲವರು ಇಪ್ಪತ್ತಕ್ಕೆ, ಮೂವತ್ತಕ್ಕೆ ಪಂದ್ಯ ಕಟ್ಟಿದರು. ಎಶೆನ್ ಮಾತ್ರ ಕೈ ಉಜ್ಜಿಕೊಳ್ಳುತ್ತ, "ಅಕ್ಕಾ, ಬೋರ್ಡು ಭರ್ಜರಿ!" ಎಂದು ಹೋದ.

ಎಂಟನೇ ದಿನ ಒಬ್ಬ ಹೆಂಗಸು ಮೂವತ್ತೈದು ನಿಮಿಷ ಕೂತು, ಗೆದ್ದೆನೆಂದು ಕೈಯೆತ್ತಿ ಹೊರಬಂದವಳು ಮೆಟ್ಟಿಲ ಮೇಲೆ ಕುಸಿದಳು. ಗಲ್ಲ ಒಡೆಯಿತು. ಕೆಳಗಿನ ಊರಿನ ಡಾಕ್ಟರು ಬಂದು ಮೂರು ಹೊಲಿಗೆ ಹಾಕಿದರು. ಡಾಕ್ಟರು ಬರುವ ತನಕ ಆ ಹೆಂಗಸಿನ ತಲೆ ಸೈರಾಕಾನಳ ತೊಡೆಯ ಮೇಲಿತ್ತು. ಎಷ್ಟೊಂದು ಚಿಕ್ಕ ವಯಸ್ಸು, ಎಂದುಕೊಂಡಳು ಅವಳು.

ಕೈಯ ರಕ್ತ ತೊಳೆದುಕೊಂಡು ಮೇಷ್ಟ್ರ ಮನೆಗೆ ಹೋಗಿ ಸುಮ್ಮನೆ ಕೂತಳು. ಬೈಗುಳಕ್ಕೆ ತಯಾರಾಗಿದ್ದ ಅವನು ಗಾಬರಿಯಾದ. ಬ್ರೆಡ್ಡು, ಕೆನೆ, ಜಾಮು ಎಲ್ಲವನ್ನೂ ತಂದು ಅವಳ ಮುಂದಿಟ್ಟ.

"ಆಗಬಹುದು ಅಂದ್ರೆ ಆಗಲ್ಲ ಅಂದ್ಕೋತಾರೆ," ಎಂದಳು ಕೊನೆಗೆ. "ಸಾಯ್ತೀರಿ ಅಂದ್ರೆ ನಗ್ತಾರೆ. ಇನ್ನೇನು ಹೇಳ್ಲಿ ಆ ಪೆದ್ದುಗಳಿಗೆ?"

ಅವನು ತನಗೊಂದು ಬಟ್ಟಲು ಚಹಾ ಬಸಿದುಕೊಂಡ. "ಸಾವು ಅವರಿಗೆ ಹತ್ತಿರದ್ದಲ್ಲ ಸೈರಾ. ಹದಿನಾರನೇ ನಿಮಿಷಕ್ಕೆ ಆಗೇ ಆಗೋದು ಏನಾದ್ರೂ ಇದೆಯಾ? ತಪ್ಪದ ಹಾಗೆ?"

"ಇದೆ," ಎಂದಳು ಅವಳು. "ಇನ್ಮೇಲೆ ನಾನು ಒಳಗೆ ಬರ್ತೀನಿ."

"ಎಲ್ಲಿಗೆ?"

"ತೊಟ್ಟಿ ಹತ್ರ. ಅವರು ಹೆಂಗಿದ್ರೂ ಸರಿ."

ಮೇಷ್ಟ್ರ ಕೈಯ ಬಟ್ಟಲು ಬಾಯಿಯ ಹತ್ತಿರ ನಿಂತಿತು. ಆಮೇಲೆ ಅದನ್ನು ಕೆಳಗಿಟ್ಟು, "ಇದಕ್ಕೆ ವಿಲ್," ಎಂದ. "ಅನುಮಾನವೇ ಇಲ್ಲ."

ಹೊಸ ಹಲಗೆಗೆ ಅವನು ಅರ್ಧ ಗಂಟೆಯೂ ತೆಗೆದುಕೊಳ್ಳಲಿಲ್ಲ. ಹದಿನೈದು ನಿಮಿಷವಾದ ಮೇಲೆ ಸೈರಾಕಾನ್ ಒಳಗೆ ಬರುತ್ತಾಳೆ, ಎಂದು ಬರೆದ. ಕೆಳಗೆ ಅವಳು ಹೇಳದಿದ್ದ ಇನ್ನೆರಡು ಸಾಲನ್ನೂ ಸೇರಿಸಿದ: ಅವಳಿಗೆ ಐವತ್ತೊಂಬತ್ತು ವರ್ಷ. ಅವಳ ಕೈಯಲ್ಲಿ ಬಕೆಟ್ ಇರುತ್ತದೆ, ನೀರು ಹಿಮನದಿಯದು.

ಕೋಣೆಗಳ ಒಳಚಿಲಕ ಕೀಳಿಸಿದ್ದಾಯಿತು. ಮೊದಲ ದಿನ ಗಡ್ಡದ ಮೂವರು ಬೋರ್ಡು ಓದಿ ನಕ್ಕು ಒಳಗೆ ಹೋದರು. ಹದಿನೈದು ನಿಮಿಷ ಮುಗಿದ ಕೂಡಲೇ ಅವಳು ಮಾತು ಉಳಿಸಿಕೊಂಡಳು. ಆ ಕಿರುಚಾಟಕ್ಕೆ ಎದುರು ಗುಡ್ಡದಲ್ಲಿ ಮೇಯುತ್ತಿದ್ದ ಕುರಿಗಳು ತಲೆಯೆತ್ತಿದವು. ಮೂವರೂ ಮುಂದಿನ ಕಣಿವೆಯ ತನಕ ಸಿಕ್ಕವರಿಗೆಲ್ಲ ಕಥೆ ಹೇಳಿರಬೇಕು, ಮರುವಾರದಿಂದ ಹದಿನಾಲ್ಕನೇ ನಿಮಿಷಕ್ಕೆ ಬಾಗಿಲುಗಳು ತಾವಾಗಿಯೇ ತೆರೆಯತೊಡಗಿದವು. ಟವೆಲು ಬಿಗಿಯಾಗಿ ಹಿಡಿದ ಗಂಡಸರು ಅವಳ ಮುಂದೆ ತಲೆ ಬಾಗಿ ದಾಟಿಹೋಗುತ್ತಿದ್ದರು. ಆ ವರ್ಷ ಮತ್ತೆ ಯಾರೂ ಬೀಳಲಿಲ್ಲ.

ಅಕ್ಟೋಬರಿನಲ್ಲಿ ಹಿಮ ಬಿದ್ದು ಕಣಿವೆಯ ದಾರಿ ಮುಚ್ಚಿತು. ಪರದೇಶದವರು ಹೋದ ಮೇಲೆ ಮೇಷ್ಟ್ರು ಪ್ರತಿ ಗುರುವಾರ ಮಂಡಿನೋವಿಗೆಂದು ಬಂದು ಕೂರತೊಡಗಿದ. ಒಂದು ಗುರುವಾರ ಕಣ್ಣು ಮುಚ್ಚಿ ಹಾಯಾಗಿದ್ದಾಗ ಬಾಗಿಲು ದಡಾರೆಂದಿತು.

"ಅಯ್ಯೋ ಸೈರಾ! ಆ ಬೋರ್ಡು ಪರದೇಶದವರಿಗೆ!" ಎಂದು, ಮೈ ಮುಚ್ಚಿಕೊಳ್ಳಲು ಎರಡೂ ಕೈ ಸಾಲದೆ, ಅರಚಿದ.

"ಓದೋಕೆ ಬರೋರಿಗೆಲ್ಲ ಅನ್ವಯ ಆಗುತ್ತೆ ಮೇಷ್ಟ್ರೇ," ಎಂದು ಅವಳು ಬಕೆಟ್ ಬಗ್ಗಿಸಿದಳು.

ಆಮೇಲೆ ಅವನು ಅವಳ ಕೋಣೆಯ ಒಲೆಯ ಮುಂದೆ ರಜಾಯಿ ಹೊದ್ದು ನಡುಗುತ್ತ ಚಹಾ ಕುಡಿದ. ಮುಂದಿನ ಗುರುವಾರವೂ ಬಂದ. ಅದರ ಮುಂದಿನ ವಾರ ಮಂಗಳವಾರವೂ ಬಂದ. ಊರಿನ ಹೆಂಗಸರು ಸುಮ್ಮನಿರುತ್ತಾರೆಯೇ? ಬಾವಿಕಟ್ಟೆಯ ಹತ್ತಿರ ಅವಳನ್ನು ಸುತ್ತುಗಟ್ಟಿ, ಏನಕ್ಕಾ, ಮತ್ತೆ ಒಂದಾಗ್ತೀರಾ ಎಂದು ಕೇಳಿದರು.

"ಅವರಿಗೆ ಮಂಡಿನೋವು, ಬಿಸಿನೀರಿಗೆ ಬರ್ತಾರೆ," ಎಂದು ಸೈರಾಕಾನ್ ಬಿಂದಿಗೆ ಎತ್ತಿಕೊಂಡಳು. "ನಿಮಗೆಲ್ಲಿ ನೋವು?"